ಬೆಂಗಳೂರು ಬಿಟ್ಟು ಮಲೆನಾಡಿಗೆ: ಚಿಕ್ಕಮಗಳೂರೋ, ಸಕಲೇಶಪುರವೋ, ಸಾಗರವೋ, ಮಡಿಕೇರಿಯೋ?

ನೀವು ಕೊಟ್ಟಿರುವ ವಿವರ ಇಷ್ಟು: ಗಂಡ-ಹೆಂಡತಿ ಇಬ್ಬರಿಗೂ ಮನೆಯಿಂದಲೇ ಕೆಲಸ, ಮಗಳು ಮೂರನೇ ಕ್ಲಾಸು, ಜೊತೆಗೆ ಸ್ಟೆಂಟ್ ಹಾಕಿಸಿಕೊಂಡಿರುವ ಎಪ್ಪತ್ತರ ತಂದೆ. ಕೈಯಲ್ಲಿರುವ ಪಟ್ಟಿಯಲ್ಲಿ ನಾಲ್ಕು ಊರು. ನನ್ನ ಉತ್ತರ ಚಿಕ್ಕಮಗಳೂರು ಪೇಟೆ. ಎರಡನೆಯದು ಸಾಗರ. ತೋಟದ ಮಧ್ಯದ ಒಂಟಿಮನೆ ಸದ್ಯಕ್ಕಂತೂ ಬೇಡ.

ಇದಕ್ಕೆ ಮೊದಲ ಕಾರಣ ಮಳೆ. ಘಟ್ಟದ ಅಂಚಿನಿಂದ ಪೂರ್ವಕ್ಕೆ ಸರಿದಷ್ಟೂ ಅದು ಎಷ್ಟು ಬೇಗ ಇಳಿಯುತ್ತದೆ ಎಂಬುದು ಹೊರಗಿನಿಂದ ಬರುವವರಿಗೆ ಅಂದಾಜಿಗೇ ಸಿಗುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುತ್ತದೆ, ಅಲ್ಲಿಂದ ಸುಮಾರು 90 ಕಿ.ಮೀ. ದೂರದ ಶಿವಮೊಗ್ಗದಲ್ಲಿ ಬರೀ 1,000ದ ಆಸುಪಾಸು. ಘಟ್ಟದ ಅಂಚಿನ ಕೊಟ್ಟಿಗೆಹಾರದಲ್ಲಿ ವಾರಗಟ್ಟಲೆ ಬಿಡದೆ ಸುರಿಯುತ್ತಿರುವಾಗ ಚಿಕ್ಕಮಗಳೂರು ಪೇಟೆಯಲ್ಲಿ ಜನ ಬಟ್ಟೆ ಒಣಹಾಕುತ್ತಿರುತ್ತಾರೆ. ಆದರೂ ಚಿಕ್ಕಮಗಳೂರು ಸಾವಿರ ಮೀಟರಿಗೂ ಮೇಲಿದೆ, ತಂಪು ಹಾಗೇ ಸಿಗುತ್ತದೆ. ಸಾಗರ 600 ಮೀಟರಿನ ಆಸುಪಾಸು. ಮಾರ್ಚ್ ಬಂತೆಂದರೆ ಫ್ಯಾನ್ ಬೇಕೇ ಬೇಕು. ಮಡಿಕೇರಿಯಲ್ಲಿ ಮಳೆ 3,000 ಮಿ.ಮೀ. ಮೇಲೆ, ಜೊತೆಗೆ ಬಿಡದ ಮಂಜು. ಡಿಸೆಂಬರಿನ ಬಿಸಿಲಲ್ಲಿ ಊರು ನೋಡಿ ತೀರ್ಮಾನಿಸಿದವರು ಆಗಸ್ಟಿನಲ್ಲಿ ಗಂಟುಮೂಟೆ ಕಟ್ಟುವುದು ಇದಕ್ಕೇ.

ಮನೆಯನ್ನು ಎರಡು ಸಲ ನೋಡಿ. ಜುಲೈ ಕೊನೆಯಲ್ಲಿ ಒಮ್ಮೆ, ಏಪ್ರಿಲ್ ಕೊನೆಯಲ್ಲಿ ಒಮ್ಮೆ. ಜುಲೈಯಲ್ಲಿ ಹೋದಾಗ ಮೊದಲು ಮನೆಯ ಹಿಂದಕ್ಕೆ ನಡೆಯಿರಿ. ಗುಡ್ಡ ಕಡಿದು ಮಟ್ಟ ಮಾಡಿ ಕಟ್ಟಿದ ಮನೆಯಾದರೆ ಹಿಂದೆ ಧರೆ, ಅಂದರೆ ಕಡಿದ ಮಣ್ಣಿನ ಗೋಡೆ, ನಿಂತಿರುತ್ತದೆ. ಅದು ಗೋಡೆಗೆ ಎಷ್ಟು ಹತ್ತಿರ, ಮೇಲಿನ ನೀರನ್ನು ಪಕ್ಕಕ್ಕೆ ತಿರುಗಿಸುವ ಕಾಲುವೆ ಇದೆಯೇ, ಮಣ್ಣಿನಲ್ಲಿ ಹೊಸ ಬಿರುಕು ಇದೆಯೇ ನೋಡಿ. ಧರೆಯ ಎತ್ತರದಷ್ಟಾದರೂ ಅಂತರ ಇಲ್ಲದಿದ್ದರೆ ನಾನಾದರೆ ಆ ಮನೆ ಬಿಟ್ಟುಬಿಡುತ್ತೇನೆ. ಆಮೇಲೆ ಒಳಗೆ ಬಂದು ಚಪ್ಪಲಿ ಬಿಟ್ಟು ನೆಲದ ಮೇಲೆ ಓಡಾಡಿ. ಮೂಲೆಯಲ್ಲಿ, ಟೈಲ್ಸಿನ ಸಂದಿಯಲ್ಲಿ ಪಸೆ ಇದ್ದರೆ ಅಲ್ಲಿ ಜಲ ಏಳುತ್ತದೆ, ಅಂದರೆ ನೆಲದಡಿಯ ನೀರು ಮೇಲೆ ಬರುತ್ತದೆ ಎಂದರ್ಥ. ಯಾವ ವಾಟರ್‌ಪ್ರೂಫಿಂಗ್ ಪೇಂಟೂ ಅದನ್ನು ತಡೆಯುವುದಿಲ್ಲ. ಪಶ್ಚಿಮದ ಗೋಡೆಗೆ ಇರಚಲು ಹೊಡೆಯುತ್ತದೆ, ಅಲ್ಲಿ ಸೂರು ಮುಂದಕ್ಕೆ ಚಾಚಿರಬೇಕು. ಮಳೆಗಾಲಕ್ಕೆ ಮೊದಲೇ ಆ ಒಂದು ಗೋಡೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಕಾರಣ ಕೇಳಿ. ಏಪ್ರಿಲ್‌ನಲ್ಲಿ ನೋಡಬೇಕಾದದ್ದು ಬಾವಿಯ ನೀರೊಂದೇ. ಗುಡ್ಡದ ಮೇಲಿನಿಂದ ಪೈಪಿನಲ್ಲಿ ಇಳಿದುಬರುವ ಅಬ್ಬಿ ನೀರು ವರ್ಷಪೂರ್ತಿ ಬರುತ್ತದೆ ಎಂದು ಮಾಲೀಕರು ಹೇಳಿದರೆ, ಪಕ್ಕದ ಮನೆಯವರನ್ನೂ ಒಂದು ಮಾತು ಕೇಳಿ.

ಕೆಲಸದ ವಿಷಯ. ಪೇಟೆಯಲ್ಲಿ ಫೈಬರ್ ಸಿಗುತ್ತದೆ. ತೊಂದರೆ ಏನೆಂದರೆ ಎಷ್ಟೋ ಕಡೆ ಆ ಕೇಬಲ್ ಕರೆಂಟ್ ಕಂಬದ ಮೇಲೆಯೇ ಹೋಗುತ್ತದೆ, ಒಂದು ಮರ ಬಿದ್ದರೆ ಎರಡೂ ಹೋಗುತ್ತವೆ. ಮೊಬೈಲ್ ಟವರಿನ ಬ್ಯಾಟರಿಯೂ ಕೆಲವೇ ಗಂಟೆ. ಆದ್ದರಿಂದ ನೀವು ಕೂರುವ ಕೋಣೆಯಲ್ಲೇ, ಕರೆಂಟ್ ಹೋಗಿ ಮೂರ್ನಾಲ್ಕು ಗಂಟೆ ಆದಮೇಲೆ, ಎರಡು ಬೇರೆ ಕಂಪನಿಯ ಸಿಮ್ ಹಾಕಿ ಪರೀಕ್ಷಿಸಿ. 150 ಎಎಚ್‌ನ 12 ವೋಲ್ಟಿನ ಒಂದು ಇನ್ವರ್ಟರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ವ್ಯಾಟ್-ಅವರ್. ನಷ್ಟ ಕಳೆದು ಕೈಗೆ ಸಿಗುವುದು ಸುಮಾರು 1,200. ಎರಡು ಲ್ಯಾಪ್‌ಟಾಪ್, ರೂಟರ್, ಎರಡು ಬಲ್ಬ್, ಒಂದು ಫ್ಯಾನ್ ಸೇರಿ 200 ವ್ಯಾಟ್ ಆದರೆ ಆರು ಗಂಟೆ ನಡೆಯುತ್ತದೆ. ಪೇಟೆಗೆ ಇದು ಸಾಕು. ತೋಟದ ಮನೆಗೆ ಜನರೇಟರ್ ಇಲ್ಲದೆ ಆಗದು, ಗಾಳಿಮಳೆಗೆ ಲೈನ್ ಹೋದರೆ ಎರಡು-ಮೂರು ದಿನ ಕತ್ತಲು ಮಾಮೂಲು. ರೂಟರಿಗೆ ಪ್ರತ್ಯೇಕ 12 ವೋಲ್ಟಿನ ಚಿಕ್ಕ ಯುಪಿಎಸ್ ಇಡಿ. ಏಪ್ರಿಲ್-ಮೇ ತಿಂಗಳ ಗುಡುಗಿನಲ್ಲಿ ಎಲ್ಲದರ ಪ್ಲಗ್ ಕಿತ್ತಿಡಿ, ರೂಟರ್ ಸುಡುವ ಕಾಲವೇ ಅದು.

ನಿಮ್ಮ ತಂದೆಯವರಿಗಾಗಿ ಆಸ್ಪತ್ರೆಯ ಲೆಕ್ಕ ಹಾಕುವಾಗ ಘಟ್ಟದ ಮೇಲಿನ ಊರುಗಳನ್ನು ಮಾತ್ರ ಹಿಡಿಯಿರಿ. ಮಂಗಳೂರು, ಮಣಿಪಾಲ ನಕ್ಷೆಯಲ್ಲಿ ಹತ್ತಿರ ಕಾಣುತ್ತವೆ; ಆದರೆ ಚಾರ್ಮಾಡಿ, ಶಿರಾಡಿ, ಆಗುಂಬೆ ಘಾಟಿಗಳಲ್ಲಿ ಧರೆ ಕುಸಿದು ರಸ್ತೆ ಬಂದ್ ಆಗುವುದು ಮಳೆಗಾಲದಲ್ಲಿ ಹೊಸದಲ್ಲ. 2018ರ ಆಗಸ್ಟ್‌ನಲ್ಲಿ ಮಡಿಕೇರಿ-ಸಂಪಾಜೆ ನಡುವೆ ಹೆದ್ದಾರಿಯೇ ಕುಸಿದಿತ್ತು. ಸಕಲೇಶಪುರದಿಂದ ಹಾಸನ ಸುಮಾರು 40 ಕಿ.ಮೀ., ಚಿಕ್ಕಮಗಳೂರಿಂದ ಹಾಸನ 60ರ ಸುತ್ತ, ಸಾಗರದಿಂದ ಶಿವಮೊಗ್ಗ 70, ಮಡಿಕೇರಿಯಿಂದ ಮೈಸೂರು ಸುಮಾರು 120. ಊರು ತೀರ್ಮಾನಿಸುವ ಮೊದಲೇ ಆ ಆಸ್ಪತ್ರೆಗಳಿಗೆ ಫೋನ್ ಮಾಡಿ, ರಾತ್ರಿ ಹೊತ್ತು ಹೃದಯದ ರಕ್ತನಾಳದ ಅಡಚಣೆ ತೆಗೆಯುವ ಕ್ಯಾಥ್‌ಲ್ಯಾಬ್ ನಡೆಸುವ ಸಿಬ್ಬಂದಿ ಇರುತ್ತಾರಾ ಎಂದು ಕೇಳಿ. ಬೋರ್ಡ್ ಇದ್ದ ಮಾತ್ರಕ್ಕೆ ರಾತ್ರಿ ಎರಡು ಗಂಟೆಗೆ ಡಾಕ್ಟರ್ ಇರಬೇಕೆಂದೇನಿಲ್ಲ.

ದೂರದ ಲೆಕ್ಕದಲ್ಲಿ ಸಕಲೇಶಪುರವೇ ಮುಂದು, ಅದನ್ನು ಹಿಂದೆ ಹಾಕಿದ್ದು ಆನೆಗಾಗಿ. ಸಕಲೇಶಪುರ, ಆಲೂರು ಸುತ್ತ ಕಾಡಾನೆ ತೋಟದಲ್ಲೇ ಬೀಡುಬಿಟ್ಟಿರುತ್ತವೆ. ಪೇಟೆಯೊಳಗೆ ಇದ್ದರೆ ಅಷ್ಟು ಭಯವಿಲ್ಲ. ಊರ ಹೊರಗಿದ್ದು ಸಂಜೆ ಸ್ಕೂಟರಿನಲ್ಲಿ ಮಗುವನ್ನು ಕರೆತರುವುದಾದರೆ ಅಪಾಯ. ಸಾಗರದ ಕಡೆ ಚಿಂತೆ ಬೇರೆ, ಉಣುಗು (ಉಣ್ಣೆ) ಕಚ್ಚಿ ಹರಡುವ ಮಂಗನ ಕಾಯಿಲೆ. 1957ರಲ್ಲಿ ಅದು ಮೊದಲು ಪತ್ತೆಯಾದದ್ದೇ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರಿನಿಂದ ಮೇವರೆಗೆ ಕಾಡಿನಂಚಿಗೆ ಹೋಗುವಾಗ ಕೈಕಾಲಿಗೆ ಉಣುಗು ಹತ್ತದಂತೆ ಡೆಪಾ ತೈಲ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ ಮೈಮೇಲೆ ಉಣುಗು ಹತ್ತಿದೆಯೇ ನೋಡಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೆ ತಿಳಿಸಿ. ಪೇಟೆಯ ನಡುವೆ ಇರುವವರಿಗೆ ಇದರ ಕಾಟ ಕಡಿಮೆ.

ಶಾಲೆಗೆ ನಾಲ್ಕೂ ಊರಲ್ಲಿ ಕೊರತೆಯಿಲ್ಲ. ಬೆಂಗಳೂರಿಗೆ ರೈಲು ಮಡಿಕೇರಿ ಬಿಟ್ಟು ಉಳಿದ ಮೂರಕ್ಕೂ ಇದೆ.

ಜಾಗ ಕೊಳ್ಳುವ ಮಾತು ಒಂದು ಪೂರ್ತಿ ಮಳೆಗಾಲ ಬಾಡಿಗೆ ಮನೆಯಲ್ಲಿ ಕಳೆದ ಮೇಲೆ. 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ನಿಜ, ಆದರೆ ತೊಡಕು ಇರುವುದು ಜಮೀನಿನ ಮೂಲದಲ್ಲಿ. ಪಹಣಿ, ಇಸಿ (ಋಣಭಾರ ಪತ್ರ) ನೋಡಿ ನಿಲ್ಲಬೇಡಿ. ಸರ್ಕಾರದಿಂದ ಮಂಜೂರಾದ ಜಮೀನೇ, ಆಗಿದ್ದರೆ ಯಾರಿಗೆ, ಯಾವ ಷರತ್ತಿನ ಮೇಲೆ ಎಂದು ಮೂಲ ಕಡತ ತೆಗೆಸಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಮಾರಾಟವನ್ನು ತಡೆಯುವ ಪಿಟಿಸಿಎಲ್ ಕಾಯ್ದೆಗೆ ಒಳಪಟ್ಟಿದ್ದರೆ ಸರ್ಕಾರದ ಅನುಮತಿ ಇಲ್ಲದ ಕ್ರಯ ನಿಲ್ಲುವುದಿಲ್ಲ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳುವುದಾದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕು. ಕಾನು, ಸೊಪ್ಪಿನಬೆಟ್ಟ, ಬಾಣೆ ಎಂಬ ಕಾಡು-ಬೆಟ್ಟದ ಜಾಗಗಳನ್ನೂ ಸೇರಿಸಿ ‘ಐದು ಎಕರೆ’ ಎಂದು ತೋರಿಸುವುದು ಇಲ್ಲಿ ಮಾಮೂಲು, ಖಾತೆಯಲ್ಲಿ ಇರುವುದು ಎರಡೇ ಎಕರೆ ಇರಬಹುದು. ಅಡ್ವಾನ್ಸ್ ಕೊಡುವ ಮೊದಲು ಮಾಲೀಕರಿಂದಲೇ ಅರ್ಜಿ ಹಾಕಿಸಿ ಸರ್ವೆಯವರಿಂದ ಹದ್ದುಬಸ್ತು (ಗಡಿ ಅಳತೆ) ಮಾಡಿಸಿ. ಅದಕ್ಕೆ ಅವರು ಒಲ್ಲೆ ಎಂದರೆ ಬೇರೆ ಜಾಗ ನೋಡಿ.