ಸೆವಿಲ್‌ಗೆ ಇಬ್ಬರೇ ಹೊರಟವರಿಗೆ

ಈ ಸಲ ಬಂದ ಕಾಗದಗಳಲ್ಲಿ ಸ್ಪೇನ್ ಬಗ್ಗೆ ಕೇಳಿದವರೇ ಜಾಸ್ತಿ. ಎಲ್ಲರೂ ಗುಂಪು ಬಿಟ್ಟು ಇಬ್ಬರೇ ಹೊರಟವರು. ಹಾಗಾಗಿ ಈ ಕಂತು ಅವರಿಗೇ ಮೀಸಲು.

ಪ್ರಶ್ನೆ: ಮೇಡಂ, ನಾನೂ ನನ್ನ ಹೆಂಡತಿಯೂ ಈಗಷ್ಟೇ ನಿವೃತ್ತರಾಗಿದ್ದೇವೆ. ಸ್ಪೇನ್‌ನಲ್ಲಿ ಆರು ದಿನ ಇರುತ್ತೇವೆ. ಮ್ಯಾಡ್ರಿಡ್, ಬಾರ್ಸಿಲೋನಾ, ಗ್ರನಾಡಾ, ಸೆವಿಲ್ ನಾಲ್ಕನ್ನೂ ಸೇರಿಸಿ ಪಟ್ಟಿ ಮಾಡಿದ್ದೇನೆ. ‘ಇದು ಪ್ರವಾಸ ಅಲ್ಲ, ಡ್ಯೂಟಿ’ ಅನ್ನುತ್ತಾಳೆ ಹೆಂಡತಿ. ಏನು ಬಿಡಲಿ?

ಮೂರು ಊರು ಬಿಡಿ. ನಿಮ್ಮ ಮನೆಯವರು ಹೇಳಿದ್ದೇ ಸರಿ.

ಆರು ದಿನಕ್ಕೆ ನಾಲ್ಕು ಊರು ಅಂದರೆ ಮೂರು ಸಲ ಪೆಟ್ಟಿಗೆ ಕಟ್ಟಬೇಕು, ಮೂರು ಸಲ ಸ್ಟೇಷನ್ನಿಗೆ ಓಡಬೇಕು. ಆಮೇಲೆ ಹೋಟೆಲಿನ ಸೋಫಾದಲ್ಲಿ ರೂಮು ಸಿಗುವ ತನಕ ತೂಕಡಿಸುತ್ತಾ ಕೂರಬೇಕು. ನನ್ನನ್ನು ಕೇಳಿದರೆ ಸೆವಿಲ್ ಒಂದೇ ಸಾಕು. ವಿಮಾನ ಮ್ಯಾಡ್ರಿಡ್‌ನಲ್ಲಿ ಇಳಿಸಿದರೂ ಚಿಂತೆಯಿಲ್ಲ. ಅಲ್ಲಿನ ಅತೋಚಾ ಸ್ಟೇಷನ್ನಿನಿಂದ ವೇಗದ ರೈಲು ಎರಡೂವರೆ ಗಂಟೆಯಲ್ಲಿ ಸೆವಿಲ್ ಮುಟ್ಟಿಸುತ್ತದೆ. ಸ್ಪೇನ್‌ನ ಮೊದಲ ವೇಗದ ರೈಲು ಮಾರ್ಗ ಅದೇ. 1992ರಲ್ಲಿ ಸೆವಿಲ್‌ನಲ್ಲಿ ವಿಶ್ವ ಪ್ರದರ್ಶನ ನಡೆದಾಗ ಶುರುವಾಯಿತು.

ಸೆವಿಲ್‌ನ ಹಳೇ ಊರು ಪೂರ್ತಿ ಸಪಾಟು. ಏರು ಇಳಿವು ಇಲ್ಲ. ಕೆಥೆಡ್ರಲ್, ಅಲ್ಕಾಸರ್ ಅರಮನೆ, ಅಮೆರಿಕ ಖಂಡದ ವಸಾಹತುಗಳ ದಾಖಲೆ ಇಟ್ಟಿರುವ ಇಂಡೀಸ್ ಪತ್ರಾಗಾರ, ಮೂರೂ ಅಕ್ಕಪಕ್ಕದಲ್ಲೇ ಇವೆ. ಯುನೆಸ್ಕೋ 1987ರಲ್ಲಿ ಮೂರನ್ನೂ ಒಟ್ಟಿಗೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿಂದ ಹತ್ತು ನಿಮಿಷ ನಡೆದರೆ ನದಿ.

ದಿನಕ್ಕೆ ಟಿಕೆಟ್ ಕೊಟ್ಟು ನೋಡುವ ಜಾಗ ಒಂದೇ ಇಟ್ಟುಕೊಳ್ಳಿ. ಅದು ಬೆಳಿಗ್ಗೆ. ಮಧ್ಯಾಹ್ನ ಉಂಡು ಮಲಗಿ. ಸಂಜೆ ಸುಮ್ನೆ ತಿರುಗಾಡಿ. ಆರು ದಿನ ಒಂದೇ ಊರಾ ಅಂತ ಕೈ ತುರಿಸಿದರೆ ಒಂದು ದಿನ ಕೊರ್ಡೋಬಾಕ್ಕೆ ಹೋಗಿ ಸಂಜೆಗೆ ವಾಪಸ್ ಬನ್ನಿ. ವೇಗದ ರೈಲಿನಲ್ಲಿ ಮುಕ್ಕಾಲು ಗಂಟೆ. ಅಲ್ಲಿನ ಹಳೇ ಮಸೀದಿಯ ಕಂಬಗಳ ಕಾಡಿನ ನಟ್ಟನಡುವೆ 16ನೇ ಶತಮಾನದಲ್ಲಿ ಒಂದು ಕೆಥೆಡ್ರಲ್ ಕಟ್ಟಿದ್ದಾರೆ. ಅದನ್ನು ನೋಡಿ ಸಿಟ್ಟು ಬರುತ್ತದೋ ಬೆರಗಾಗುತ್ತದೋ, ಗಂಡ ಹೆಂಡತಿ ರೈಲಿನಲ್ಲಿ ವಾದ ಮಾಡುತ್ತಾ ಬರಬಹುದು.

ಒಂದು ಎಚ್ಚರಿಕೆ. ಅಲ್ಕಾಸರ್ ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ತೆಗೆದಿಡಿ. ಹೋಗುವಾಗ ಪಾಸ್‌ಪೋರ್ಟ್ ಜೊತೆಗಿರಲಿ. ಇನ್ನು ಸಾಂತಾ ಕ್ರೂಸ್ ಬಡಾವಣೆಯ ಹೋಟೆಲುಗಳು ಫೋಟೋದಲ್ಲಿ ತುಂಬಾ ಚಂದ. ಆದರೆ ಅಲ್ಲಿನ ಎಷ್ಟೋ ಓಣಿಗಳಿಗೆ ಟ್ಯಾಕ್ಸಿ ಹೋಗುವುದೇ ಇಲ್ಲ. ಕಲ್ಲು ಹಾಸಿನ ಮೇಲೆ ಪೆಟ್ಟಿಗೆ ಎಳೆಯುವವರು ಯಾರು? ಟ್ಯಾಕ್ಸಿ ಎಲ್ಲಿಯ ತನಕ ಬರುತ್ತದೆ ಅಂತ ಕೇಳಿಕೊಂಡೇ ರೂಮು ಗೊತ್ತುಮಾಡಿ.

ಪ್ರಶ್ನೆ: ಸ್ಪೇನ್‌ನಲ್ಲಿ ರಾತ್ರಿ ಊಟ ಸಿಗುವುದೇ ಒಂಬತ್ತರ ಮೇಲಂತೆ, ನಿಜವಾ? ನನ್ನವರು ಶುದ್ಧ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ನಾನು ಮೀನು ತಿನ್ನುತ್ತೇನೆ. ಇಬ್ಬರೂ ಒಂದೇ ಕಡೆ ಕೂತು ತಿನ್ನುವ ಹಾಗೆ ಏನಾದರೂ ಹೇಳಿ.

ನಿಜ. ಮಧ್ಯಾಹ್ನದ ಊಟ ಎರಡರಿಂದ ನಾಲ್ಕು. ಆಮೇಲೆ ಬಹಳಷ್ಟು ಕಡೆ ಒಲೆ ಆರುತ್ತದೆ. ಮತ್ತೆ ಹಚ್ಚುವುದು ಎಂಟೂವರೆ, ಒಂಬತ್ತಕ್ಕೆ. ಇದರಲ್ಲಿ ಗಡಿಯಾರದ ಪಾಲೂ ಇದೆ. ಭೂಪಟದಲ್ಲಿ ಸ್ಪೇನ್ ಇರುವುದು ಇಂಗ್ಲೆಂಡಿನ ನೇರಕ್ಕೆ. 1940ರಲ್ಲಿ ಸರ್ವಾಧಿಕಾರಿ ಫ್ರಾಂಕೋನ ಸರ್ಕಾರ ಗಡಿಯಾರವನ್ನು ಒಂದು ಗಂಟೆ ಮುಂದೆ ತಳ್ಳಿ ಜರ್ಮನಿಯ ಹೊತ್ತಿಗೆ ಹೊಂದಿಸಿತು. ಅದು ಇವತ್ತಿಗೂ ಹಾಗೇ ಇದೆ. ಬೇಸಿಗೆಯಲ್ಲಿ ಇನ್ನೂ ಒಂದು ಗಂಟೆ ಸೇರುತ್ತದೆ. ಆಗ ಸೆವಿಲ್‌ನಲ್ಲಿ ಸೂರ್ಯ ನೆತ್ತಿಗೆ ಬರುವುದೇ ಎರಡೂಕಾಲರ ಮೇಲೆ. ಅವರ ಎರಡು ಗಂಟೆ ಊಟ ಸೂರ್ಯನ ಲೆಕ್ಕದಲ್ಲಿ ತಡವೇನಲ್ಲ.

ಆರು ಗಂಟೆಗೆ ಹಸಿವಾದರೆ ಅವರು ‘ಮೆರಿಯೆಂದಾ’ ಮಾಡುತ್ತಾರೆ. ಕಾಫಿ, ಏನಾದರೂ ಸಿಹಿ. ನೀವೂ ಅದನ್ನೇ ಮಾಡಿ. ಆರಕ್ಕೇ ಭರ್ತಿ ಊಟ ಹಾಕಿ ಪ್ರವಾಸಿಗರನ್ನು ಕೂಗಿ ಕರೆಯುವ ಕಡೆ ಹೋಗಬೇಡಿ. ಫೋಟೋ ಅಂಟಿಸಿದ ಮೆನು ಬಾಗಿಲಲ್ಲಿ ನಿಂತಿದ್ದರೆ ನಾನು ಆ ಬದಿಯ ಫುಟ್‌ಪಾತನ್ನೇ ಬಿಟ್ಟುಬಿಡುತ್ತೇನೆ.

ಈಗ ನಿಮ್ಮವರ ವಿಷಯ. ಸೆವಿಲ್‌ನಲ್ಲಿ ಸಸ್ಯಾಹಾರಿಗೆ ಅಂತಲೇ ಹುಟ್ಟಿದ ಹಾಗಿರುವ ಒಂದು ತಪಾ (ಬಾರುಗಳಲ್ಲಿ ಕೊಡುವ ಪುಟ್ಟ ತಟ್ಟೆಯ ತಿನಿಸು) ಇದೆ: ಎಸ್ಪಿನಾಕಾಸ್ ಕೋನ್ ಗರ್ಬಾನ್ಸೋಸ್. ಪಾಲಕ್ ಸೊಪ್ಪು, ಕಾಬೂಲಿ ಕಡಲೆ, ಆಲಿವ್ ಎಣ್ಣೆಯಲ್ಲಿ ಕರಿದು ಅರೆದ ಬ್ರೆಡ್ಡು, ಬೆಳ್ಳುಳ್ಳಿ, ಜೀರಿಗೆ, ಕೆಂಪು ಪಪ್ರಿಕಾ ಪುಡಿ. ಪುಟ್ಟ ಮಣ್ಣಿನ ಬಟ್ಟಲಲ್ಲಿ ಬರುತ್ತದೆ. ಮುದ್ದೆಯಾಗಿ ಬೆಂದ ಸೊಪ್ಪಿನ ಅಂಚಲ್ಲಿ ಎಣ್ಣೆ ಕೆಂಪಗೆ ಒಸರುತ್ತಿರುತ್ತದೆ. ಮೂಗು ಹತ್ತಿರ ತಂದರೆ ಮೊದಲು ಜೀರಿಗೆ, ಆಮೇಲೆ ಬೆಳ್ಳುಳ್ಳಿ. ಇದಕ್ಕೆ ಹೆಸರಾದ ಜಾಗ ಎಲ್ ರಿಂಕೋನ್ಸಿಯೋ. 1670ರಿಂದ ಇರುವ ಬಾರ್. ಕೌಂಟರಿನಲ್ಲಿ ನಿಂತು ತಿನ್ನಿ. ನೀವು ಕೇಳಿದ್ದನ್ನೆಲ್ಲ ಮಾಣಿ ನಿಮ್ಮ ಮುಂದೆಯೇ ಮರದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾ ಹೋಗುತ್ತಾನೆ. ಕೊನೆಗೆ ಅಲ್ಲೇ ಕೂಡಿಸಿ, ದುಡ್ಡು ತಗೊಂಡು, ಬಟ್ಟೆಯಿಂದ ಒರೆಸಿ ಹಾಕುತ್ತಾನೆ.

ಇನ್ನೊಂದು ಸಾಲ್ಮೊರೆಹೋ. ಟೊಮೆಟೊ, ಬ್ರೆಡ್ಡು, ಬೆಳ್ಳುಳ್ಳಿ, ಆಲಿವ್ ಎಣ್ಣೆ ರುಬ್ಬಿ ತಣ್ಣಗೆ ಕೊಡುವ ಗಟ್ಟಿ ಸೂಪು. ಆದರೆ ಮೇಲೆ ಹಂದಿಯ ಹಾಮೋನ್ ಚೂರು, ಬೇಯಿಸಿದ ಮೊಟ್ಟೆ ಉದುರಿಸುತ್ತಾರೆ. ‘ಸಿನ್ ಹಾಮೋನ್, ಸಿನ್ ವೇವೊ’ ಅನ್ನಿ, ಎರಡನ್ನೂ ಬಿಟ್ಟು ಕೊಡುತ್ತಾರೆ. ಬದನೆಕಾಯಿ ಕರಿದು ಕಬ್ಬಿನ ಕಾಕಂಬಿ ಸುರಿದು ಕೊಡುವುದೂ ಒಂದಿದೆ. ಹಿಟ್ಟಿಗೆ ಮೊಟ್ಟೆ ಹಾಕಿದ್ದಾರಾ ಅಂತ ಮಾತ್ರ ಕೇಳಿ. ‘ತೋರ್ತಿಯಾ’ ಅಂದರೆ ಇಲ್ಲಿ ಆಲೂಗಡ್ಡೆ ಹಾಕಿದ ದಪ್ಪ ಆಮ್ಲೆಟ್, ನಿಮ್ಮವರಿಗೆ ಆಗುವುದಿಲ್ಲ. ಸಲಾಡ್ ಬಗ್ಗೆಯೂ ಹುಷಾರು. ‘ಮಾಂಸ ಬೇಡ’ ಅಂದರೆ ಸಾಲದು, ಟ್ಯೂನಾ ಮೀನು ಹಾಕಿ ತಂದಿಡುತ್ತಾರೆ. ಅವರ ಲೆಕ್ಕದಲ್ಲಿ ಮೀನು ಮಾಂಸ ಅಲ್ಲ. ಎಣ್ಣೆಯ ವಿಷಯಕ್ಕೆ ಬಂದರೆ, ಮೀನು ಕರಿದ ಬಾಣಲೆಯಲ್ಲೇ ಬದನೆಕಾಯಿಯೂ ಬೇಯುವುದುಂಟು. ಇದು ಆಗದು ಅನ್ನುವವರು ಕರಿದದ್ದನ್ನು ಬಿಟ್ಟರೆ ಒಳ್ಳೆಯದು.

ನಿಮಗೆ? ಪೆಸ್ಕಾಯಿತೋ ಫ್ರೀತೋ, ಅಂದರೆ ಹಿಟ್ಟು ಹಚ್ಚಿ ಗರಿಗರಿ ಕರಿದ ಸಣ್ಣ ಮೀನು. ನಿಂಬೆ ಹಿಂಡಿ ಕೈಯಲ್ಲೇ ತಿನ್ನಿ.

ಅಳತೆ ಮೂರು. ತಪಾ ಚಿಕ್ಕದು, ಮೀಡಿಯಾ ರಸಿಯೋನ್ ಅರ್ಧ ತಟ್ಟೆ, ರಸಿಯೋನ್ ಪೂರ್ತಿ ತಟ್ಟೆ. ಇಬ್ಬರೇ ಇರುವಾಗ ಪೂರ್ತಿ ತಟ್ಟೆ ಕೇಳಬೇಡಿ. ಒಂದು ಬಾರಿನಲ್ಲಿ ಎರಡು ತಪಾ, ಎದ್ದು ಇನ್ನೊಂದು ಕಡೆ ಮತ್ತೆರಡು. ಊಟಕ್ಕೆ ಊಟ, ನಡಿಗೆಗೆ ನಡಿಗೆ. ಬಿಲ್ಲು ತಾನಾಗಿ ಬರುವುದಿಲ್ಲ, ಕೇಳಬೇಕು. ನೀವು ಏಳಲಿ ಅಂತ ಯಾರೂ ಕಾಯುತ್ತಿರುವುದಿಲ್ಲ. ಟಿಪ್ಸ್ ಕಡ್ಡಾಯ ಅಲ್ಲ, ಚಿಲ್ಲರೆ ಬಿಟ್ಟರೆ ಸಾಕು. ನಲ್ಲಿ ನೀರು ಧಾರಾಳವಾಗಿ ಕುಡಿಯಬಹುದು.

ಪ್ರಶ್ನೆ: ನನಗೆ ಮಂಡಿ ನೋವು. ಕೆಥೆಡ್ರಲ್‌ನ ಹಿರಾಲ್ಡಾ ಗೋಪುರ ಹತ್ತುವ ಆಸೆ ಬಿಡಬೇಕಾ ಅಕ್ಕಾ?

ಬಿಡಬೇಡಿ. ಅದರೊಳಗೆ ಮೆಟ್ಟಿಲಿನ ಬದಲು ಇಳಿಜಾರು ದಾರಿ ಇದೆ. ಕೊನೆಯಲ್ಲಿ ಮಾತ್ರ ಒಂದಿಷ್ಟು ಮೆಟ್ಟಿಲು. ಹಿರಾಲ್ಡಾ ಮೊದಲು 12ನೇ ಶತಮಾನದ ಮಸೀದಿಯ ಮಿನಾರ್ ಆಗಿತ್ತು. ಅಜಾನ್ ಕೂಗುವವನು ಕುದುರೆ ಮೇಲೆ ಕೂತೇ ಹೋಗಲಿ ಅಂತ ಹಾಗೆ ಕಟ್ಟಿದರಂತೆ. ಒಟ್ಟು 35 ಇಳಿಜಾರು. ಪ್ರತಿ ತಿರುವಿನಲ್ಲೂ ಗೋಡೆ ಮೇಲೆ ನಂಬರ್ ಇದೆ. ಹದಿನೈದರಲ್ಲಿ ಇದ್ದೇನೆ, ಇನ್ನು ಇಪ್ಪತ್ತು ಅಂತ ಲೆಕ್ಕ ಹಾಕಿಕೊಂಡು ನಿಧಾನಕ್ಕೆ ಹತ್ತಿ. ನಡುನಡುವೆ ಕಿಟಕಿಗಳಿವೆ, ನಿಂತು ಉಸಿರು ಬಿಡಬಹುದು. ಇಳಿಯುವಾಗ ಮಂಡಿಗೆ ಜಾಸ್ತಿ ಭಾರ ಬೀಳುತ್ತದೆ, ಗಂಡನ ಹೆಗಲು ಹಿಡಿದುಕೊಳ್ಳಿ.

ಕೆಥೆಡ್ರಲ್ ಟಿಕೆಟ್‌ನಲ್ಲೇ ಗೋಪುರವೂ ಸೇರಿದೆ. ಒಳಗೆ ಕೊಲಂಬಸ್‌ನ ಸಮಾಧಿ ನೋಡಿ. ಕಿರೀಟ ತೊಟ್ಟ ನಾಲ್ವರು ಶವಪೆಟ್ಟಿಗೆ ಹೊತ್ತು ನಿಂತಿದ್ದಾರೆ. ಕಾಸ್ಟೀಲ್, ಲಿಯೋನ್, ಅರಗೋನ್, ನವಾರ್ ರಾಜ್ಯಗಳ ಗುರುತು ಅವರು. 1898ರಲ್ಲಿ ಕ್ಯೂಬಾ ಸ್ಪೇನ್‌ನ ಕೈತಪ್ಪಿದ ಮೇಲೆ ಹವಾನಾದಿಂದ ಬಂದ ಅವಶೇಷಗಳು.

ಪ್ರಶ್ನೆ: ಯಾವ ತಿಂಗಳು ಒಳ್ಳೆಯದು?

ಜುಲೈ, ಆಗಸ್ಟ್ ಬೇಡವೇ ಬೇಡ. 40 ಡಿಗ್ರಿ ದಾಟುತ್ತದೆ. ಸೆವಿಲ್‌ನವರೇ ಊರು ಬಿಟ್ಟು ಸಮುದ್ರದ ಕಡೆ ಓಡುತ್ತಾರೆ. ಬೀದಿಯ ಕಿತ್ತಳೆ ಮರ ಹೂ ಬಿಡುವ ಮಾರ್ಚ್ ಕೊನೆ ನನಗೆ ಇಷ್ಟ, ಇಡೀ ಓಣಿ ಘಮ್ ಅನ್ನುತ್ತದೆ. ಆದರೆ ಈಸ್ಟರ್ ವಾರದ ಮೆರವಣಿಗೆ, ಅದಾದ ಮೇಲೆ ಬರುವ ಫೆರಿಯಾ ಜಾತ್ರೆ ಎರಡರ ತಾರೀಕು ನೋಡಿಕೊಳ್ಳಿ. ಆಗ ರೂಮಿನ ಬಾಡಿಗೆ ಆಕಾಶಕ್ಕೇರುತ್ತದೆ. ಫೆರಿಯಾದ ಡೇರೆಗಳು ಬಹುಪಾಲು ಖಾಸಗಿ, ಗುರುತಿನವರಿಲ್ಲದೆ ಒಳಗೆ ಬಿಡುವುದಿಲ್ಲ. ಇವೆರಡೂ ಬೇಡ ಅಂದರೆ ನವೆಂಬರ್‌ಗೆ ಹೋಗಿ. ಮರದಲ್ಲಿ ಕಿತ್ತಳೆ ಹಣ್ಣು ಕಂಡು ಕಿತ್ತು ತಿನ್ನಲು ಹೋಗಬೇಡಿ, ಕಹಿ. ಮಾರ್ಮಲೇಡ್‌ಗೆ ಅಷ್ಟೇ ಸರಿ.

ಪ್ರಶ್ನೆ: ನನ್ನ ಗಂಡ ಎಲ್ಲಿ ಹೋದರೂ ಬೋರ್ಡಿನ ಮೇಲಿರುವ ಪ್ರತಿ ಅಕ್ಷರ ಓದುತ್ತಾರೆ. ನನಗೆ ಕೂತು ಜನ ನೋಡುವುದು ಇಷ್ಟ. ಪ್ರತಿ ಪ್ರವಾಸದಲ್ಲೂ ಜಗಳ.

ನಮ್ಮ ಮನೆಯ ಕಥೆಯೂ ಇದೇ! ದಿನಕ್ಕೆ ಎರಡು ಗಂಟೆ ಬೇರೆಬೇರೆ ಇರಿ. ಅವರನ್ನು ಲಲಿತಕಲಾ ಮ್ಯೂಸಿಯಂಗೆ ಕಳಿಸಿ. ಹಳೇ ಮಠದ ಕಟ್ಟಡ ಅದು. ಅಲ್ಲಿನ ಮುರಿಯೋ, ಸುರ್ಬರಾನ್ ಚಿತ್ರಗಳ ಮುಂದೆ ಎಷ್ಟು ಹೊತ್ತಾದರೂ ನಿಲ್ಲಲಿ. ಸೋಮವಾರ ಮಾತ್ರ ರಜೆ. ನೀವು ಪಕ್ಕದ ಚೌಕದಲ್ಲಿ ಕಾಫಿ ಹಿಡಿದು ಕೂರಿ.

ಅಲ್ಕಾಸರ್‌ಗೆ ಮಾತ್ರ ಒಟ್ಟಿಗೇ ಹೋಗಿ. ಅಲ್ಲಿ ಓದುವವರಿಗೂ ಕೆಲಸ ಇದೆ, ಕೂರುವವರಿಗೂ ಇದೆ. 1360ರ ದಶಕದಲ್ಲಿ ಪೇದ್ರೋ ಅನ್ನುವ ಕ್ರೈಸ್ತ ದೊರೆ ಮುಸ್ಲಿಂ ಕುಶಲಕರ್ಮಿಗಳನ್ನು ಕರೆಸಿ ಕಟ್ಟಿಸಿದ ಅರಮನೆ. ಗೋಡೆಗಳ ಮೇಲೆ ಅರಬ್ಬಿ ಲಿಪಿಯಲ್ಲಿ ಅವನನ್ನೇ ‘ಸುಲ್ತಾನ’ ಅಂತ ಹೊಗಳಿದ್ದಾರೆ. ನಿಮ್ಮ ಯಜಮಾನರು ಅದನ್ನು ಹುಡುಕುತ್ತಿರಲಿ, ನೀವು ತೋಟದಲ್ಲಿ ನವಿಲು ನೋಡುತ್ತಾ ಕೂರಿ.

ಪ್ಲಾಸಾ ದೆ ಎಸ್ಪಾನ್ಯಾ ಕೂಡ ಅಂಥದ್ದೇ. 1929ರ ಪ್ರದರ್ಶನಕ್ಕೆ ಕಟ್ಟಿದ ಅರ್ಧ ಚಂದ್ರಾಕಾರದ ಕಟ್ಟಡ. ಕೆಳಗೆ ಸಾಲಾಗಿ ಹೆಂಚಿನ ಬೆಂಚುಗಳು, ಒಂದೊಂದು ಪ್ರಾಂತ್ಯಕ್ಕೆ ಒಂದೊಂದು. ಬೆನ್ನಿಗೆ ಆ ಪ್ರಾಂತ್ಯದ ಇತಿಹಾಸದ ಚಿತ್ರ, ಕಾಲಡಿಯಲ್ಲಿ ಅದರ ಭೂಪಟ. ಬೆಂಚಿನ ಎರಡೂ ಪಕ್ಕ ಪುಟ್ಟ ಗೂಡುಗಳಿವೆ. ಮೊದಲು ಅಲ್ಲಿ ಆಯಾ ಪ್ರಾಂತ್ಯದ ಪುಸ್ತಕ ಇಡುತ್ತಿದ್ದರು. ಈಗ ಖಾಲಿ. ಮುಂದಿನ ಕಾಲುವೆಯಲ್ಲಿ ಹುಟ್ಟು ಹಾಕುವ ದೋಣಿ ಬಾಡಿಗೆಗೆ ಸಿಗುತ್ತದೆ. ಅವರು ಹುಟ್ಟು ಹಾಕಲಿ, ನೀವು ಕೂರಿ.

ಪ್ರಶ್ನೆ: ಫ್ಲಮೆಂಕೋ ನೋಡಲೇಬೇಕು ಅಂತ ಮಕ್ಕಳ ಒತ್ತಾಯ. ಊಟದ ಸಮೇತ ಇರುವ ಪ್ರದರ್ಶನ ಒಳ್ಳೆಯದಾ?

ಬೇಡ. ಚಮಚ ತಟ್ಟೆಯ ಸದ್ದಿನಲ್ಲಿ ಹಾಡು ಕೇಳುವುದಿಲ್ಲ. ಮೈಕ್ ಇಲ್ಲದ, ಹತ್ತಾರು ಕುರ್ಚಿಯಷ್ಟೇ ಇರುವ ಚಿಕ್ಕ ಜಾಗ ಹುಡುಕಿ. ಸುಮಾರು ಒಂದು ಗಂಟೆಯ ಪ್ರದರ್ಶನ. ಬೇಗ ಹೋಗಿ ಮುಂದಿನ ಸಾಲು ಹಿಡಿಯಿರಿ, ಇಲ್ಲದಿದ್ದರೆ ಕುಣಿಯುವವರ ಪಾದ ಕಾಣುವುದಿಲ್ಲ. ಪಾದ ಕಾಣದಿದ್ದರೆ ಅರ್ಧ ನೃತ್ಯ ಹೋಯಿತು. ಅವರ ಚಪ್ಪಾಳೆಯೂ ತಾಳವಾದ್ಯವೇ, ಅದೂ ಕಷ್ಟದ ಲೆಕ್ಕ. ಉತ್ಸಾಹದಲ್ಲಿ ನಾವೂ ತಟ್ಟಿದರೆ ಅವರಿಗೆ ತೊಂದರೆ. ನದಿಯಾಚೆಯ ತ್ರಿಯಾನಾ ಬಡಾವಣೆ ಕಡೆ ಇಂಥ ಜಾಗ ಸಿಕ್ಕರೆ ಸಂಜೆ ಇಸಾಬೆಲ್ ಸೇತುವೆ ಮೇಲೆ ನಡೆದೇ ಹೋಗಿ. ಊಟವನ್ನು ಪ್ರದರ್ಶನ ಮುಗಿದ ಮೇಲೆ ಮಾಡಿ. ರಾತ್ರಿ ಹತ್ತಕ್ಕೂ ಅಡುಗೆಮನೆ ತೆರೆದೇ ಇರುತ್ತದೆ.