ಬಲೆ ಬೀಸುವುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ?

ಓದುಗರ ಪತ್ರ: ನನ್ನ ಮಗಳು ಮಂಗಳೂರಿನಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿದ್ದಾಳೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಮನೆಯಲ್ಲಿ ತುಳು. ದಿನಕ್ಕೆ ಇಪ್ಪತ್ತು ಹೊಸ ಪದ ಬಾಯಿಪಾಠ ಮಾಡುತ್ತಾಳೆ. ಆದರೂ ಅವಳ ಬರಹಕ್ಕೆ ಕೆಂಪು ಗೆರೆ ತಪ್ಪುವುದಿಲ್ಲ. ‘ವ್ಯಾಕರಣ ಸರಿಯಿದೆ, ಆದರೆ ಹೀಗೆ ಹೇಳುವುದಿಲ್ಲ’ ಎನ್ನುತ್ತಾರಂತೆ ಅಧ್ಯಾಪಕರು. ಕನ್ನಡ ಶಾಲೆಗೆ ಸೇರಿಸಿದ್ದೇ ನಮ್ಮ ತಪ್ಪಾಯಿತೇ?
– ಓದುಗರೊಬ್ಬರು, ಉಡುಪಿ

ಆತ್ಮೀಯರೇ,

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಇಲ್ಲ, ನೀವು ತಪ್ಪು ಮಾಡಿಲ್ಲ. ಆ ಕೊರಗನ್ನು ಇವತ್ತೇ ಬಿಟ್ಟುಬಿಡಿ. ಮಗಳ ಕಿವಿಗಂತೂ ಅದು ಬೀಳದಿರಲಿ.

ನಮ್ಮ ಕಚೇರಿಗೆ ತರಬೇತಿಗೆಂದು ಬಂದಿದ್ದ ವಿದ್ಯಾರ್ಥಿನಿಯೊಬ್ಬಳಿಗೆ ಮಲ್ಪೆಯ ನಾಡದೋಣಿ ಮೀನುಗಾರರ ಬಗೆಗಿನ ಲೇಖನವೊಂದನ್ನು ಇಂಗ್ಲಿಷಿಗೆ ಅನುವಾದಿಸಲು ಕೊಟ್ಟಿದ್ದೆ. ‘ಬಲೆ ಬೀಸಿದರು’ ಎಂಬಲ್ಲಿ ಅವಳ ಪೆನ್ನು ನಿಂತಿತು. ನಿಘಂಟು ತೆರೆದು ‘ಸ್ವಿಂಗ್’ ಎಂದು ಬರೆದಳು, ಮರುಕ್ಷಣ ಅಳಿಸಿದಳು. ‘ಥ್ರೋ’ ಎಂದು ಬರೆದಳು. ಅದನ್ನು ತಪ್ಪೆನ್ನಲಾಗದು, ಆದರೆ ಇಂಗ್ಲಿಷಿನಲ್ಲಿ ಬಲೆಗೆ ಹಳೆಯ ನಂಟು ಇರುವುದು ‘ಕಾಸ್ಟ್’ ಎಂಬ ಕ್ರಿಯಾಪದದ ಜೊತೆ. ಆಮೇಲೆ ಇಬ್ಬರೂ ಕುಳಿತು ‘ಬೀಸು’ ಎಂಬ ಒಂದೇ ಪದದ ಬೆನ್ನು ಹತ್ತಿದೆವು. ಗಾಳಿ ಬೀಸಿದರೆ ‘ಬ್ಲೋ’, ಕೈ ಬೀಸಿದರೆ ‘ವೇವ್’, ರಾಗಿ ಬೀಸಿದರೆ ‘ಗ್ರೈಂಡ್’. ನಮ್ಮಲ್ಲಿ ಒಂದೇ ಕ್ರಿಯಾಪದ ನಾಲ್ಕು ಕಡೆ ದುಡಿಯುತ್ತದೆ, ಅಲ್ಲಿ ನಾಲ್ಕು ಬೇರೆ ಬೇರೆ. ‘ಜೋರು’ ಎಂಬ ನಮ್ಮ ಕರಾವಳಿಯ ಮೆಚ್ಚಿನ ಪದದ ಕತೆಯೂ ಇದೇ. ಜೋರು ಮಳೆಗೆ ‘ಹೆವಿ’, ಜೋರು ಗಾಳಿಗೆ ‘ಸ್ಟ್ರಾಂಗ್’, ಜೋರು ಜ್ವರಕ್ಕೆ ‘ಹೈ’, ಜೋರು ದನಿಗೆ ‘ಲೌಡ್’. ಈ ನಾಲ್ಕೂ ಪದಗಳು ನಿಮ್ಮ ಮಗಳಿಗೆ ಪ್ರೌಢಶಾಲೆಯಲ್ಲೇ ಗೊತ್ತಿದ್ದವು. ಯಾವುದು ಯಾರ ಜೊತೆ ಹೋಗುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ.

ಭಾಷಾವಿಜ್ಞಾನಿಗಳು ಇದನ್ನು ‘ಕೊಲೊಕೇಶನ್’ ಎನ್ನುತ್ತಾರೆ. ನಾನು ಪದಗಳ ಒಡನಾಟ ಎನ್ನುತ್ತೇನೆ. ಈ ಪರಿಭಾಷೆಗೆ ಭಾಷಾವಿಜ್ಞಾನದಲ್ಲಿ ನೆಲೆ ಒದಗಿಸಿದ ಜೆ.ಆರ್. ಫರ್ತ್ 1919ರಿಂದ 1928ರವರೆಗೆ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು. ಪದವನ್ನು ಅದರ ಸಹವಾಸದಿಂದ ಅರಿಯಬೇಕು ಎಂದು ಅವರು 1957ರಲ್ಲಿ ಬರೆದರು.

ಇನ್ನು ಮಾತೃಭಾಷೆಯ ವಿಷಯ. ಜರ್ಮನ್ ಮಾತನಾಡುವ, ಇಂಗ್ಲಿಷಿನಲ್ಲಿ ಚೆನ್ನಾಗಿಯೇ ಪಳಗಿದ ವಿದ್ಯಾರ್ಥಿಗಳ ಪ್ರಬಂಧಗಳನ್ನು ನಾಡ್ಯಾ ನೆಸೆಲ್‌ಹೌಫ್ ಪರಿಶೀಲಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದೂ ಇದನ್ನೇ. ಹೆಚ್ಚಾಗಿ ಎಡವಿದ್ದು ಕ್ರಿಯಾಪದದಲ್ಲಿ, ಆ ಎಡವುವಿಕೆಯ ಹಿಂದೆ ಅವರ ಮನೆಮಾತಿನ ನೆರಳು ದಟ್ಟವಾಗಿತ್ತು. ಜರ್ಮನ್ ಇಂಗ್ಲಿಷಿಗೆ ಹತ್ತಿರದ ಬಂಧು. ಅಲ್ಲೇ ಹೀಗಾದರೆ ಕನ್ನಡ, ತುಳು, ಕೊಂಕಣಿಯಿಂದ ಹೋಗುವ ನಮ್ಮ ಮಕ್ಕಳನ್ನು ದಡ್ಡರೆನ್ನುವುದು ಅನ್ಯಾಯ. ಕನ್ನಡಕ್ಕೂ ಇಂಗ್ಲಿಷಿಗೂ ತಾಳೆಯಾದಲ್ಲಿ ತೊಂದರೆಯೇ ಇಲ್ಲ: ಪ್ರಶ್ನೆ ಕೇಳು, ‘ಆಸ್ಕ್ ಎ ಕ್ವೆಶ್ಚನ್’. ನಾವು ಗಮನ ಕೊಡುತ್ತೇವೆ, ಅವರು ‘ಪೇ’ ಮಾಡುತ್ತಾರೆ. ಕೆಂಪು ಗೆರೆ ಬೀಳುವುದು ಅಲ್ಲಿ. ‘ಮಾಡು’ ಎಂಬುದಂತೂ ದೊಡ್ಡ ಸುಳಿ. ತಪ್ಪು ಮಾಡಿದರೆ ‘ಮೇಕ್’, ಕೆಲಸಕ್ಕೆ ‘ಡೂ’, ಅಪರಾಧಕ್ಕೆ ‘ಕಮಿಟ್’, ಊಟಕ್ಕೆ ‘ಹ್ಯಾವ್’.

ಒಂದು ಮಾತನ್ನು ಮಗಳಿಗೆ ನೆನಪಿಸಿ. ತುಳು ಮನೆಯಿಂದ ಬಂದ ಅವಳು ಕನ್ನಡ ಕಲಿತದ್ದು ಪಟ್ಟಿಯಿಂದಲ್ಲ. ಹಲ್ಲು ಉಜ್ಜು, ತಲೆ ಬಾಚು, ಹೂ ಕಟ್ಟು ಎಂದು ಜೊತೆಜೊತೆಯಾಗಿಯೇ ಅವು ಕಿವಿಗೆ ಬಿದ್ದವು. ಹಲ್ಲು ಬಾಚು ಎಂದು ಅವಳು ಎಂದೂ ಹೇಳಿರಲಾರಳು. ಇಂಗ್ಲಿಷ್ ನಮ್ಮ ಬೀದಿಯಲ್ಲಿ ಹಾಗೆ ಕಿವಿಗೆ ಬೀಳುವುದಿಲ್ಲ, ಪುಸ್ತಕದಿಂದಲೇ ಬರಬೇಕು. ಓದುವಾಗ ಕಣ್ಣು ಅರ್ಥ ಹಿಡಿದು ಮುಂದೆ ಓಡುತ್ತದೆ. ‘ಪೇ ಅಟೆನ್ಶನ್’ ಎಂದಿದ್ದರೆ ‘ಗಮನ’ ಎಂಬುದಷ್ಟೇ ಉಳಿಯುತ್ತದೆ, ‘ಪೇ’ ಜಾರಿಹೋಗುತ್ತದೆ. ತುಂಬಾ ಓದಿದವರೂ ಬರೆಯುವಾಗ ತಡವರಿಸುವುದು ಇದರಿಂದಲೇ.

ಆದ್ದರಿಂದ ಇಪ್ಪತ್ತು ಒಂಟಿ ಪದಗಳ ಬಾಯಿಪಾಠ ನಿಲ್ಲಲಿ. ದಿನಕ್ಕೆ ಒಂದು ಪ್ಯಾರಾ ಸಾಕು. ಅದರಲ್ಲಿರುವ ನಾಮಪದಗಳಿಗೆ ಯಾವ ಕ್ರಿಯಾಪದ, ಯಾವ ವಿಶೇಷಣ ಅಂಟಿಕೊಂಡಿದೆಯೆಂದು ಗುರುತು ಹಾಕಲಿ. ನೋಟ್‌ಪುಸ್ತಕದಲ್ಲಿ ಜೋಡಿಯನ್ನೇ ಬರೆದು, ಎದುರಿಗೆ ಕನ್ನಡದ ಜೋಡಿಯನ್ನೂ ಬರೆಯಲಿ. ಎರಡು ದಿನ ಬಿಟ್ಟು ಇಂಗ್ಲಿಷ್ ಭಾಗವನ್ನು ಕೈಯಿಂದ ಮುಚ್ಚಿ, ಕನ್ನಡ ನೋಡಿಕೊಂಡು ಪೂರ್ತಿ ವಾಕ್ಯ ಬರೆಯಲಿ. ಕನ್ನಡ ಇಲ್ಲಿ ಅಡ್ಡಿಯಲ್ಲ. ಎಲ್ಲಿ ಎಡವುತ್ತೇವೆ ಎಂಬುದನ್ನು ಮುಂಚಿತವಾಗಿ ತೋರಿಸುವ ದೀಪ. ಕನ್ನಡ ಗಟ್ಟಿಯಿರುವವಳಿಗೆ ಆ ದೀಪ ಕೈಯಲ್ಲೇ ಇದೆ.

ನಿಘಂಟನ್ನೂ ಆರಿಸಿ ಕೊಳ್ಳಬೇಕು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜಾನ್ ಸಿಂಕ್ಲೇರ್ ಅವರ ನೇತೃತ್ವದಲ್ಲಿ ಸಿದ್ಧವಾಗಿ 1987ರಲ್ಲಿ ಬಂದ ಕೊಬಿಲ್ಡ್ ನಿಘಂಟು, ಕಂಪ್ಯೂಟರಿನಲ್ಲಿ ಸಂಗ್ರಹಿಸಿದ ನಿಜವಾದ ಬರಹ, ಮಾತುಗಳನ್ನು ಆಧರಿಸಿದ್ದು. ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ 1894ರಲ್ಲಿ ಹೊರಬಂದ ಕಿಟ್ಟೆಲ್ ಕೋಶವೂ ಬರಿಯ ಅರ್ಥಕ್ಕೆ ನಿಲ್ಲದೆ ಗಾದೆ, ಕಾವ್ಯದ ಸಾಲುಗಳನ್ನು ಜೊತೆಗೆ ಕೊಟ್ಟಿತು. ಬಳಕೆ ತೋರಿಸದ ನಿಘಂಟನ್ನು ಕಪಾಟಿನಲ್ಲೇ ಇಡಬಹುದು.

ಎಲ್ಲ ಕೆಂಪು ಗೆರೆಗಳನ್ನೂ ನಾನು ಒಪ್ಪುವುದಿಲ್ಲ. ‘ಪರೀಕ್ಷೆ ಬರೆಯುವುದು’ ಎಂಬುದನ್ನು ಹಾಗೆಯೇ ಇಂಗ್ಲಿಷಿನಲ್ಲಿ ಹೇಳುವುದು ನಮ್ಮ ದೇಶದಲ್ಲಿ ಬೇರೂರಿದೆ. ಅದಕ್ಕಾಗಿ ಯಾವ ಹುಡುಗಿಯೂ ತಲೆ ತಗ್ಗಿಸಬೇಕಾಗಿಲ್ಲ. ಹೊರದೇಶದ ಪತ್ರಿಕೆಗೆ ಬರೆಯುವಾಗ ಅಲ್ಲಿನ ರೂಢಿ ತಿಳಿದಿದ್ದರೆ ಸಾಕು.

ಕೆಂಪು ಗೆರೆ ಬಿದ್ದ ಹಾಳೆಗಳನ್ನು ಮಗಳು ಎಸೆದಿಲ್ಲ ತಾನೇ? ಎಸೆಯದಿದ್ದರೆ ನೋಟ್‌ಪುಸ್ತಕದ ಮೊದಲ ಪುಟ ಅವುಗಳಿಂದಲೇ ತುಂಬಲಿ. ಒಂದು ತಿಂಗಳ ನಂತರ ಅದರ ಎರಡು ಪುಟಗಳನ್ನು ನನಗೆ ಕಳುಹಿಸಿದರೆ ಕುಳಿತು ಓದಿ ಉತ್ತರ ಬರೆಯುತ್ತೇನೆ.

– ಸಂಪಾದಕ