ಪತ್ರಿಕಾ ಪ್ರಕಟಣೆ ಅಚ್ಚಾಗದಿರುವ ಬಗ್ಗೆ

ಶಿರಸಿಯ ನಿಮ್ಮ ಕಾಲೇಜಿನ ಅಡಿಕೆ ವಿಚಾರಗೋಷ್ಠಿಯ ಪ್ರಕಟಣೆಯನ್ನು ಯಾವ ಪತ್ರಿಕೆಯೂ ಏಕೆ ಅಚ್ಚು ಹಾಕಲಿಲ್ಲ ಎಂದು ಕೇಳಿದ್ದೀರಿ. ಬಹುಶಃ ಕಾರಣ, ನೀವೇ ತಿಳಿಸಿದಂತೆ, ಆರಂಭದ ಸಾಲುಗಳೆಲ್ಲ ಅತಿಥಿಗಳ ಹೆಸರುಗಳಿಂದ ತುಂಬಿದ್ದು, ಸುದ್ದಿ ಕೊನೆಗೆ ಉಳಿದದ್ದು. ಜಾಗ ಸಾಲದಾಗ ಉಪಸಂಪಾದಕರು ಕೆಳಗಿನಿಂದಲೇ ಕತ್ತರಿಸುವುದರಿಂದ, ಸಾರ್ವಜನಿಕ ಸಂಪರ್ಕದ ವಿದ್ಯಾರ್ಥಿ ಮೊದಲು ಕಲಿಯಬೇಕಾದದ್ದು ತಲೆಕೆಳಗಾದ ಪಿರಮಿಡ್ಡಿನ ಕ್ರಮ, ಅಂದರೆ ಅತಿ ಮುಖ್ಯವಾದದ್ದನ್ನು ಮೊದಲು, ಕಡಿಮೆ ಮುಖ್ಯವಾದದ್ದನ್ನು ಕೊನೆಗೆ ಬರೆಯುವ ಕ್ರಮ.

ಮೊದಲ ವಾಕ್ಯದಲ್ಲಿ ಓದುಗನ ಪ್ರಯೋಜನ ಬರಲಿ: 2019ರಲ್ಲಿ ಭೌಗೋಳಿಕ ಸೂಚಕದ (ಒಂದು ಪ್ರದೇಶದ ವಿಶಿಷ್ಟ ಉತ್ಪನ್ನಕ್ಕೆ ಕಾನೂನು ನೀಡುವ ಗುರುತು, ಜಿಐ) ಮಾನ್ಯತೆ ಪಡೆದ ಶಿರಸಿ ಅಡಿಕೆಯ ಅಧಿಕೃತ ಬಳಕೆದಾರರಾಗಿ (ಆ ಗುರುತನ್ನು ಬಳಸುವ ಹಕ್ಕುಳ್ಳವರಾಗಿ) ಬೆಳೆಗಾರರು ನೋಂದಾಯಿಸಿಕೊಳ್ಳುವ ಬಗೆಯನ್ನು ಗೋಷ್ಠಿಯಲ್ಲಿ ವಿವರಿಸಲಾಗುವುದು, ಎಂಬಂತೆ. ಆ ವಿಷಯ ನಿಮ್ಮ ಗೋಷ್ಠಿಯಲ್ಲಿ ನಿಜವಾಗಿ ಇದ್ದರೆ ಮಾತ್ರ ಹಾಗೆ ಬರೆಯಿರಿ. ಉತ್ಪ್ರೇಕ್ಷೆಯಿಂದ ಒಮ್ಮೆ ಹೋದ ನಂಬಿಕೆ ಮರಳಿ ಬಾರದು. ಬಳಿಕ ದಿನಾಂಕ, ಸ್ಥಳ, ಸಂಪರ್ಕ ಸಂಖ್ಯೆ, ಅತಿಥಿಗಳು ಕೊನೆಗೆ. ಒಂದು ಪುಟ ಮೀರದಂತೆ ನೋಡಿಕೊಂಡು, ಮೂರು ದಿನ ಮುಂಚಿತವಾಗಿ ಸ್ಥಳೀಯ ವರದಿಗಾರರಿಗೆ ಕಳುಹಿಸಿ. ಕಾರವಾರದ ಮೀನುಗಾರಿಕೆ ಶಿಬಿರವೊಂದರ ಪ್ರಕಟಣೆಯನ್ನು ನಾನು ಹೀಗೆ ತಿದ್ದಿದ ಮೇಲೆಯೇ ಅದು ಅಚ್ಚಾಯಿತು.